ಬೂತಾಯಿ ಸಿಗುತ್ತದೋ ಇಲ್ಲವೋ, ಗಾಳಿಯನ್ನು ಕೇಳಬೇಕು

ಕೋಲಾರದ ಮೀನಂಗಡಿಗೆ ಕರಾವಳಿಯಿಂದ ಐಸ್‌ನಲ್ಲಿ ಬರುವ ಬೂತಾಯಿ ಒಂದು ವರ್ಷ ರಾಶಿ ಬಿದ್ದಿರುತ್ತದೆ, ಇನ್ನೊಂದು ವರ್ಷ ಹುಡುಕಿದರೂ ಸಿಗಲ್ಲ. ಮಿತಿಮೀರಿ ಹಿಡಿಯುವುದೂ ಕಾರಣ, ನಿಜ. ಆದರೆ ಬೂತಾಯಿಯ ಊಟ ಪ್ಲಾಂಕ್ಟನ್. ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಹಸಿರು ಜೀವಿಗಳು, ಅವನ್ನು ತಿನ್ನುವ ಪುಟ್ಟ ಪ್ರಾಣಿಗಳು. ಈ ಹಸಿರನ್ನು ಸುಮ್ನೆ ಪಾಚಿ ಅಂದುಕೊಳ್ಳಬೇಡಿ. ಇಡೀ ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ನಡೆಯುವುದು ಕಡಲಲ್ಲೇ.

ಕಡಲಿಗೆ ಬಿಸಿಲಿಗೂ ಬರವಿಲ್ಲ, ನೀರಿಗೂ ಬರವಿಲ್ಲ. ಹಾಗಿದ್ದರೆ ಎಲ್ಲ ಕಡೆ ಹಸಿರು ಇರಬೇಕಿತ್ತು ಅಲ್ವಾ? ಇಲ್ಲ. ಟೊಮೆಟೊ ತೋಟಕ್ಕೆ ಡ್ರಿಪ್‌ನಲ್ಲಿ ಬರೀ ನೀರು ಬಿಟ್ಟು ಗೊಬ್ಬರ ಮರೆತಂತೆ ಇದು. ನೈಟ್ರೇಟ್, ಫಾಸ್ಫೇಟ್, ಚೂರು ಕಬ್ಬಿಣ ಬೇಕೇ ಬೇಕು. ಇವೆಲ್ಲ ಸತ್ತ ಜೀವಿಗಳ ಜೊತೆ ಮುಳುಗಿ, ಬಿಸಿಲು ತಲುಪದ ಆಳ ಸೇರುತ್ತವೆ.

ಅರಬ್ಬಿ ಸಮುದ್ರದಲ್ಲಿ ಅವನ್ನು ಮೇಲೆತ್ತುವುದು ಮುಂಗಾರು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಮಾಲಿಯಾ, ಒಮಾನ್ ದಡದ ಉದ್ದಕ್ಕೂ ಬೀಸುವ ಗಾಳಿ, ಭೂಮಿ ತಿರುಗುತ್ತಿರುವುದರಿಂದ, ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ; ಆ ಜಾಗಕ್ಕೆ ಆಳದ ತಣ್ಣನೆಯ, ಸತ್ವ ತುಂಬಿದ ನೀರು ಎದ್ದು ಬರುತ್ತದೆ. ಕೇರಳ, ಕರ್ನಾಟಕದ ಕರಾವಳಿಯಲ್ಲೂ ಇದು ನಡೆಯುತ್ತದೆ, ಅಷ್ಟು ಜೋರಾಗಿ ಅಲ್ಲ. ಘಟ್ಟದಲ್ಲೇ ಮಳೆ ಸುರಿಸಿ ನಮ್ಮ ಬಯಲುಸೀಮೆಗೆ ಬರಿಗೈಯಲ್ಲಿ ಬರುವ ಗಾಳಿಯೂ ಇದೇ!

ಗೊಬ್ಬರ ಸಿಕ್ಕರೆ ಸಾಕೇ? 2009ರಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರಕ್ಕೆ ಕಬ್ಬಿಣ ಸುರಿದು ನೋಡಿದರು. ಆ ಪ್ರಯೋಗದ ಹೆಸರು ಲೋಹಾಫೆಕ್ಸ್. ಹಸಿರೇನೋ ಹೆಚ್ಚಿತು, ಆದರೆ ಪುಟ್ಟ ಪ್ರಾಣಿಗಳು ಅದನ್ನು ಬೇಗ ಮೇಯ್ದುಬಿಟ್ಟವು. ಹಾಗಾಗಿ ಕಡಲಲ್ಲಿ ಹಸಿರು ಎಷ್ಟಿರುತ್ತದೆ ಎಂದು ಮುನ್ಸೂಚನೆ ಕೊಡುವವರು ಬೆಳೆಯುವುದನ್ನೂ ಲೆಕ್ಕ ಹಾಕಬೇಕು, ಮೇಯುವುದನ್ನೂ ಲೆಕ್ಕ ಹಾಕಬೇಕು.

ಕೆಲವು ದಿನಗಳ ಮಟ್ಟಿಗೆ ಈ ಕೆಲಸ ಚೆನ್ನಾಗಿಯೇ ನಡೆಯುತ್ತಿದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಕಡಲ ಬಣ್ಣ ಮತ್ತು ಬಿಸಿ ನೋಡಿ, ಮೀನು ಎಲ್ಲಿ ಸಿಗಬಹುದು ಎಂದು ಮೀನುಗಾರರಿಗೆ ಹೇಳುತ್ತದೆ. ತಿಂಗಳುಗಟ್ಟಲೆ ಮುಂದಕ್ಕೆ ಹೇಳಬೇಕಾದರೆ ಎಲ್ ನಿನೋ, ಅಂದರೆ ಕೆಲವು ವರ್ಷಗಳಿಗೊಮ್ಮೆ ಶಾಂತ ಸಾಗರದ ನೀರು ಬಿಸಿಯಾಗುವುದು, ನೆರವಿಗೆ ಬರುತ್ತದೆ. ಶಾಂತ ಸಾಗರದ ಬಿಸಿನೀರು ನಿಧಾನವಾಗಿ ಸರಿಯುವುದರಿಂದ, ಪೆರು ದೇಶದ ಕಡಲಲ್ಲಿ ಹಸಿರು ತಗ್ಗುವ ಸುಳಿವು ಮೊದಲೇ ಸಿಗುತ್ತದೆ.

ನಮ್ಮ ಕಡಲಿನ ಕಷ್ಟ ಬೇರೆ. ಹಸಿರು ಉಕ್ಕುವ ಮುಂಗಾರಿನಲ್ಲೇ ಮೋಡ ಕವಿದಿರುತ್ತದೆ, ಬಣ್ಣ ನೋಡುವ ಉಪಗ್ರಹಕ್ಕೆ ಏನೂ ಕಾಣಲ್ಲ. ಆಗ ಗತಿ ಆರ್ಗೋ ಫ್ಲೋಟ್‌ಗಳು. ಸುಮಾರು 2,000 ಮೀಟರ್ ಆಳಕ್ಕೆ ಇಳಿದು, ಹತ್ತು ದಿನಕ್ಕೊಮ್ಮೆ ಮೇಲೆ ಬಂದು ವರದಿ ಕಳಿಸುವ ಯಂತ್ರಗಳಿವು. ಹಸಿರು, ನೈಟ್ರೇಟ್ ಅಳೆಯುವಂಥವು ಅವುಗಳಲ್ಲಿ ಕಡಿಮೆ. ಮೇಲಿನ ನೀರು ಬಿಸಿಯಾದಷ್ಟೂ ಹಗುರಾಗಿ, ಆಳದ ನೀರು ಬೆರೆಯುವುದು ಕಷ್ಟವಾಗುತ್ತಿದೆ. ಇಂಥ ಹೊತ್ತಿನಲ್ಲಿ ಹೊಸ ಉಪಗ್ರಹಕ್ಕಿಂತ ಮೊದಲು ಈ ಫ್ಲೋಟ್‌ಗಳನ್ನು ಜಾಸ್ತಿ ಬಿಡಬೇಕು ಅಂತ ನನ್ನ ಅಭಿಪ್ರಾಯ.