ಆಲ್ಝೈಮರ್ ಮಿದುಳಿನ ಉರಿಯೂತ: ನೋವುಮಾತ್ರೆ, ವಿಟಮಿನ್ ಇ, ಅರಿಸಿನ ಏಕೆ ಸಾಲಲಿಲ್ಲ?

ಕೀಲುವಾತಕ್ಕೆಂದು ವರ್ಷಗಟ್ಟಲೆ ಉರಿಯೂತ ತಗ್ಗಿಸುವ ಮಾತ್ರೆ ನುಂಗಿದವರಲ್ಲಿ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಕಡಿಮೆ ಎಂದು 1990ರ ದಶಕದ ಹಲವು ಸಮೀಕ್ಷೆಗಳು ಹೇಳಿದವು. ಅದನ್ನು ಒರೆಗೆ ಹಚ್ಚಲು ಅಮೆರಿಕದಲ್ಲಿ 2001ರಲ್ಲಿ 'ಅಡಾಪ್ಟ್' ಎಂಬ ಪ್ರಯೋಗ ಶುರುವಾಯಿತು. ವಯಸ್ಸು 70 ದಾಟಿದ, ಮನೆತನದಲ್ಲಿ ಈ ಕಾಯಿಲೆ ಇದ್ದ ಸುಮಾರು 2,500 ಮಂದಿಯಲ್ಲಿ ಕೆಲವರಿಗೆ ನ್ಯಾಪ್ರಾಕ್ಸೆನ್, ಕೆಲವರಿಗೆ ಸೆಲಿಕಾಕ್ಸಿಬ್, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ ಕೊಟ್ಟರು. ಹೃದಯಕ್ಕೆ ಅಪಾಯವಾದೀತೆಂಬ ಆತಂಕದಿಂದ 2004ರ ಡಿಸೆಂಬರಿನಲ್ಲಿ ಮಾತ್ರೆ ನಿಲ್ಲಿಸಬೇಕಾಯಿತು. ಲೆಕ್ಕ ಹಾಕಿ ನೋಡಿದರೆ ಮರೆವಿನಿಂದ ರಕ್ಷಣೆಯೂ ಸಿಕ್ಕಿರಲಿಲ್ಲ.

ಹಾಗೆಂದು ಮಿದುಳಿನಲ್ಲಿ ಉರಿಯೂತವೇ ಇಲ್ಲ ಎನ್ನುವಂತಿಲ್ಲ. ತೀರಿಕೊಂಡ ರೋಗಿಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಕಣ್ಣಿಗೇ ಕಾಣುತ್ತದೆ. ತಪ್ಪಿದ್ದು ಅದನ್ನು ಅರ್ಥಮಾಡಿಕೊಂಡ ಬಗೆಯಲ್ಲಿ.

ಮಿದುಳಿಗೆ ಅದರದೇ ರಕ್ಷಣಾ ಕೋಶಗಳಿವೆ. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಓರ್ತೆಗಾ ಗುರುತಿಸಿ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟ ಈ ಕೋಶಗಳು ಸಣ್ಣ ಸಣ್ಣ ಕವಲುಗಳನ್ನು ಚಾಚಿ ಸುತ್ತಲಿನ ಜಾಗವನ್ನು ಸದಾ ತಡಕುತ್ತಿರುತ್ತವೆ. ಸತ್ತ ಕೋಶಗಳನ್ನು ನುಂಗುತ್ತವೆ, ಬೇಡದ ನರಸಂಧಿಗಳನ್ನು (ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ತಾಣಗಳನ್ನು) ಕತ್ತರಿಸುತ್ತವೆ. ಆಲ್ಝೈಮರ್‌ನಲ್ಲಿ ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಗಡ್ಡೆಗಟ್ಟಿದಾಗ ಮೈಕ್ರೋಗ್ಲಿಯಾಗಳು ಅದನ್ನು ಸುತ್ತುವರಿದು ಬಿಗಿಯಾಗಿ ಅದುಮಿಡುತ್ತವೆ. ಇದರಿಂದ ಆಚೀಚಿನ ನರತಂತುಗಳು ಉಳಿಯುತ್ತವೆ. ಈ ಕೆಲಸಕ್ಕೆ ಅವುಗಳ ಮೈಮೇಲೆ ಟ್ರೆಮ್2 ಎಂಬ ಗ್ರಾಹಿ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನು) ಬೇಕು. ಆ ಗ್ರಾಹಿಯ ಜೀನಿನಲ್ಲಿ ಒಂದು ಅಪರೂಪದ ದೋಷವಿದ್ದವರಿಗೆ ಆಲ್ಝೈಮರ್ ಬರುವ ಸಂಭವ ಸುಮಾರು ಮೂರು ಪಟ್ಟು ಎಂದು 2013ರಲ್ಲಿ ಗೊತ್ತಾಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯವಾದ ಸುಳಿವು ಇದು: ಮೈಕ್ರೋಗ್ಲಿಯಾ ಸೋತರೂ ಕಾಯಿಲೆ ಹೆಚ್ಚುತ್ತದೆ. ಎಲ್ಲ ಉರಿಯೂತವನ್ನೂ ಒಟ್ಟಿಗೆ ಅದುಮುವ ಮಾತ್ರೆ ಒಳ್ಳೆಯ ಕೆಲಸವನ್ನೂ ಅದುಮಿಬಿಡಬಹುದು.

ಕೆಡುಕು ಶುರುವಾಗುವುದು ಈ ಹೋರಾಟ ಮುಗಿಯದೇ ಹೋದಾಗ. ಅಮಿಲಾಯ್ಡ್ ಸುಲಭಕ್ಕೆ ಕರಗದು. ಅದನ್ನು ನುಂಗಿ ಅರಗಿಸಲಾರದ ಮೈಕ್ರೋಗ್ಲಿಯಾದೊಳಗೆ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನು ತನ್ನ ಜೊತೆಗಾರ ಪ್ರೋಟೀನುಗಳೊಂದಿಗೆ ಸೇರಿ ಒಂದು ಕೂಟ ಕಟ್ಟುತ್ತದೆ. ಆ ಕೂಟದಿಂದ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶ ಹೊರಬೀಳುತ್ತದೆ. ಜೊತೆಗೆ ಕೂಟದ ಚೂರುಗಳೂ ಕೋಶದಿಂದ ಆಚೆ ಬಂದು ಹೊಸ ಅಮಿಲಾಯ್ಡ್ ಗಡ್ಡೆಗೆ ಬೀಜವಾಗುತ್ತವೆ ಎಂದು 2017ರಲ್ಲಿ ಇಲಿಗಳಲ್ಲಿ ಕಂಡುಬಂತು. ಕೆರಳಿದ ಕೋಶಗಳು ಬೇಕಾದ ನರಸಂಧಿಗಳನ್ನೂ ಕತ್ತರಿಸತೊಡಗುತ್ತವೆ.

ಇಲ್ಲಿಗೆ ಆಕ್ಸಿಜನ್ನಿನ ಪಾತ್ರ ಸೇರುತ್ತದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು 2%. ಆದರೆ ನಾವು ಬಳಸುವ ಆಕ್ಸಿಜನ್ನಿನಲ್ಲಿ 20% ಅದಕ್ಕೇ ಬೇಕು. ನರಕೋಶದ ಮೈಟೊಕಾಂಡ್ರಿಯಾಗಳಲ್ಲಿ ಶಕ್ತಿ ತಯಾರಾಗುವಾಗ ಕೆಲವು ಎಲೆಕ್ಟ್ರಾನುಗಳು ಸೋರಿ ಆಕ್ಸಿಜನ್ನಿಗೆ ಅಂಟಿ ಸೂಪರಾಕ್ಸೈಡ್ ಆಗುತ್ತದೆ. ಒಂದು ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ, ಇನ್ನೊಂದು ಅದನ್ನು ನೀರಾಗಿಸುತ್ತದೆ. ಈ ಎರಡನೆಯ ಹೆಜ್ಜೆ ತಡವಾಗಿ, ಹತ್ತಿರದಲ್ಲಿ ಬಿಡಿ ಕಬ್ಬಿಣದ ಅಯಾನು ಸಿಕ್ಕರೆ, ಸಿಕ್ಕಿದ್ದರೊಡನೆ ಥಟ್ಟನೆ ಕ್ರಿಯೆಗಿಳಿಯುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದನ್ನು ತಟಸ್ಥಗೊಳಿಸುವ ಕಿಣ್ವ ನಮ್ಮಲ್ಲಿಲ್ಲ. ಹುಟ್ಟಿದ ಜಾಗದಲ್ಲೇ ಸಿಕ್ಕಿದ್ದನ್ನು ಕೆಡಿಸುತ್ತದೆ. ಮಿದುಳಿನಲ್ಲಿ ಅದಕ್ಕೆ ಹೆಚ್ಚಾಗಿ ಸಿಗುವುದು ಕೋಶಪೊರೆಯ ಕೊಬ್ಬು. ಹಳೆಯ ಕಡಲೆಕಾಯಿ ಎಣ್ಣೆ ಕಮಟು ಹಿಡಿಯುವುದಕ್ಕೆ ಕಾರಣವಾದ ರಾಸಾಯನಿಕ ಕ್ರಿಯೆಯೇ ಅಲ್ಲಿ ನಡೆದು, ಹೈಡ್ರಾಕ್ಸಿನೊನೆನಾಲ್‌ನಂಥ ವಿಷವಸ್ತುಗಳು ಹುಟ್ಟುತ್ತವೆ. ಅವು ಪೊರೆಯ ಪಂಪುಗಳಿಗೂ ಗ್ಲೂಕೋಸ್ ಸಾಗಿಸುವ ಪ್ರೋಟೀನುಗಳಿಗೂ ಅಂಟಿಕೊಂಡು ಕೆಲಸ ಕೆಡಿಸುತ್ತವೆ.

ಕೆಟ್ಟ ಮೈಟೊಕಾಂಡ್ರಿಯಾದಿಂದ ಸೋರುವ ಡಿಎನ್‌ಎ ಚೂರುಗಳು ಮತ್ತೆ ಎನ್‌ಎಲ್‌ಆರ್‌ಪಿ3 ಕೂಟವನ್ನು ಕೆರಳಿಸುತ್ತವೆ. ಕೆರಳಿದ ಮೈಕ್ರೋಗ್ಲಿಯಾ ರೋಗಾಣು ಕೊಲ್ಲಲೆಂದು ಇರುವ ಕಿಣ್ವದಿಂದ ಇನ್ನಷ್ಟು ಸೂಪರಾಕ್ಸೈಡ್ ಉಗುಳುತ್ತದೆ. ಹೀಗೆ ಒಂದು ಇನ್ನೊಂದನ್ನು ಸಾಕುತ್ತದೆ.

ಇಷ್ಟು ತಿಳಿದ ಮೇಲೆ ವಿಟಮಿನ್ ಇ ನುಂಗಿದರಾಯಿತಲ್ಲ ಎನಿಸುವುದು ಸಹಜ. ಕೊಬ್ಬಿನಲ್ಲಿ ಕರಗುವ ಅದು ಪೊರೆಯಲ್ಲೇ ನಿಂತು ಕೊಬ್ಬು ಕೆಡುವ ಈ ಸರಣಿಯನ್ನು ತುಂಡರಿಸಬಲ್ಲದು. ಅಲ್ಪ ಮರೆವಿದ್ದ 769 ಮಂದಿಯಲ್ಲಿ ಮೂರನೇ ಒಂದು ಪಾಲಿಗೆ ದಿನಕ್ಕೆ 2,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ಕೊಟ್ಟ ಪ್ರಯೋಗದ ಫಲ 2005ರಲ್ಲಿ ಬಂತು: ಮೂರು ವರ್ಷದ ಕೊನೆಗೂ ಪ್ರಯೋಜನ ಕಾಣಲಿಲ್ಲ. 2014ರಲ್ಲಿ ಅಮೆರಿಕದ ಮಾಜಿ ಸೈನಿಕರ ಪ್ರಯೋಗದಲ್ಲಿ ಅಷ್ಟೇ ಪ್ರಮಾಣವನ್ನು ಆಗಲೇ ಆಲ್ಝೈಮರ್ ಇದ್ದವರಿಗೆ ಕೊಟ್ಟಾಗ ಸ್ನಾನ, ಊಟ, ಬಟ್ಟೆ ಮುಂತಾದ ದಿನಚರಿ ಕುಸಿಯುವ ವೇಗ ವರ್ಷಕ್ಕೆ 19% ತಗ್ಗಿತು. ನೆನಪಿನ ಪರೀಕ್ಷೆಯ ಅಂಕಗಳು ಸುಧಾರಿಸಲಿಲ್ಲ. ಇದನ್ನು ಓದಿ ಅಂಗಡಿಯಿಂದ ಕ್ಯಾಪ್ಸೂಲ್ ತರಬೇಡಿ. ಅದರ ಐದನೇ ಒಂದು ಪಾಲು, ಅಂದರೆ 400 ಐಯು, ವರ್ಷಗಟ್ಟಲೆ ತೆಗೆದುಕೊಂಡ ಆರೋಗ್ಯವಂತ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚಿತ್ತು. ರಕ್ತ ತೆಳುಮಾಡುವ ವಾರ್ಫರಿನ್ ಜೊತೆ ರಕ್ತಸ್ರಾವದ ಭಯವೂ ಇದೆ.

ಅರಿಸಿನದ ಕಥೆ ನಮಗೆ ಹತ್ತಿರದ್ದು. ಪರೀಕ್ಷಾ ನಳಿಕೆಯಲ್ಲಿ ಅದರೊಳಗಿನ ಕರ್ಕ್ಯುಮಿನ್ ಎಂಬ ಅಂಶ ಉರಿಯೂತವನ್ನೂ ರ‍್ಯಾಡಿಕಲ್‌ಗಳನ್ನೂ ತಡೆಯುತ್ತದೆ. ಬಾಯಿಂದ ನುಂಗಿದಾಗ ರಕ್ತ ಸೇರುವುದೇ ಕಷ್ಟ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರೀನ್ 20 ಮಿ.ಗ್ರಾಂ ಕೊಟ್ಟು, ರಕ್ತ ಸೇರುವ ಪ್ರಮಾಣ ಬಹಳ ಹೆಚ್ಚುವುದನ್ನು ತೋರಿಸಿದರು. ಹೆಚ್ಚಿದ್ದೂ ಸ್ವಲ್ಪ ಹೊತ್ತಿಗೆ ಮಾತ್ರ. ಒಂದು ಟೀ ಚಮಚ ಅರಿಸಿನಪುಡಿಯಲ್ಲಿ ಇರುವುದು ಸುಮಾರು 0.1 ಗ್ರಾಂ ಕರ್ಕ್ಯುಮಿನ್. 2 ಗ್ರಾಂ ಬೇಕಾದರೆ ಇಪ್ಪತ್ತು ಚಮಚ ಆಯಿತು! ಆಲ್ಝೈಮರ್ ರೋಗಿಗಳಿಗೆ 24 ವಾರ ದಿನಕ್ಕೆ 2ರಿಂದ 4 ಗ್ರಾಂ ಕೊಟ್ಟ ಅಮೆರಿಕದ ಸಣ್ಣ ಪ್ರಯೋಗವೊಂದರಲ್ಲೂ ಗುಣ ಕಾಣಲಿಲ್ಲ. ಸಾರಿಗೆ ಅರಿಸಿನ ಹಾಕಿ, ಮರೆವಿನ ಔಷಧವೆಂದು ಮಾತ್ರ ನಂಬಬೇಡಿ.

ಒಳಗಿನ ಉರಿಯನ್ನು ನೇರವಾಗಿ ಆರಿಸಲಾಗದಿದ್ದರೂ ಹೊರಗಿನಿಂದ ಅದನ್ನು ಕೆರಳಿಸುವುದನ್ನು ತಡೆಯಬಹುದು. ಮೊದಲೇ ಕೆರಳಿರುವ ಮೈಕ್ರೋಗ್ಲಿಯಾಗಳು ದೇಹದ ಬೇರೆಲ್ಲೋ ಆದ ಸೋಂಕಿಗೂ ಅತಿಯಾಗಿ ಪ್ರತಿಕ್ರಿಯಿಸುತ್ತವೆ. ಆದ್ದರಿಂದ ಡಿಮೆನ್ಶಿಯಾ (ಆಲ್ಝೈಮರ್‌ನಂಥ ಕಾಯಿಲೆಯಿಂದ ಬರುವ ಮರೆಗುಳಿತನ) ಇರುವ ಹಿರಿಯರು ಒಂದೆರಡು ದಿನದಲ್ಲಿ ದಿಢೀರನೆ ಗಲಿಬಿಲಿಗೊಂಡರೆ, ಹಗಲೆಲ್ಲ ಮಂಪರಿನಲ್ಲಿದ್ದರೆ, ಇಲ್ಲದ್ದು ಕಾಣತೊಡಗಿದರೆ 'ಕಾಯಿಲೆ ಮುಂದುವರಿಯಿತು' ಎಂದು ಕೈಚೆಲ್ಲಬೇಡಿ. ಆಲ್ಝೈಮರ್ ತಿಂಗಳು, ವರ್ಷಗಳಲ್ಲಿ ಹೆಚ್ಚುವ ಕಾಯಿಲೆ, ಗಂಟೆಗಳಲ್ಲಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಹಲ್ಲಿನ ಕೀವು, ಬೆನ್ನಿನ ಹಾಸಿಗೆ ಹುಣ್ಣು ಹುಡುಕಿಸಿ. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು. ನೀರು ಕಡಿಮೆಯಾಗಿದೆಯೇ, ಮಲ ಕಟ್ಟಿದೆಯೇ, ನೆಗಡಿಗೆ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ ಹೊಸದಾಗಿ ಶುರುವಾಗಿದೆಯೇ ನೋಡಿ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಸೋಂಕು ತಡೆದರೆ ಲಾಭವಿದೆ ಎನ್ನಲು ಈಚೆಗೆ ಸಿಕ್ಕ ಒಳ್ಳೆಯ ಪುರಾವೆ ಬ್ರಿಟನ್ನಿನ ವೇಲ್ಸ್‌ನದು. ಅಲ್ಲಿ 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಸರ್ಪಸುತ್ತಿನ ಲಸಿಕೆ ಸಿಗುತ್ತಿತ್ತು. ಕೆಲವೇ ವಾರ ಮೊದಲು ಹುಟ್ಟಿದವರಿಗೆ ಇಲ್ಲ. ಮಿಕ್ಕಂತೆ ಒಂದೇ ತೆರನ ಈ ಎರಡು ಗುಂಪನ್ನು ಹೋಲಿಸಿದಾಗ, ಲಸಿಕೆ ಪಡೆದವರಲ್ಲಿ ಏಳು ವರ್ಷದ ಅವಧಿಯಲ್ಲಿ ಡಿಮೆನ್ಶಿಯಾ ಸುಮಾರು 20% ಕಡಿಮೆ ಎಂದು 2025ರಲ್ಲಿ ಪ್ರಕಟವಾಯಿತು. ಅಲ್ಲಿ ಆಗ ಕೊಟ್ಟದ್ದು ಜೀವಂತ ವೈರಸ್ಸಿನ ಲಸಿಕೆ. ಭಾರತದಲ್ಲಿ ಈಗ 50 ದಾಟಿದವರಿಗೆ ಸಿಗುವುದು ವೈರಸ್ಸಿನ ಒಂದು ಪ್ರೋಟೀನಿನಿಂದ ಮಾಡಿದ ಬೇರೆ ಲಸಿಕೆ; ಎರಡು ಚುಚ್ಚುಮದ್ದು, ನಡುವೆ 2ರಿಂದ 6 ತಿಂಗಳ ಅಂತರ.