ಎರಡು ರೌಟರ್, ನಾಲ್ಕು ಟೈಲೈನ್: ಲೆಕ್ಕ ತಪ್ಪುವುದು ಎಲ್ಲಿ?

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆಯಂಥ ನೇರಪ್ರಸಾರ ಇದ್ದಾಗ ಸ್ಥಳೀಯ ಕೇಬಲ್ ವಾಹಿನಿಯ ಕಂಟ್ರೋಲ್ ರೂಮಿನಲ್ಲಿ ಆಗಬಾರದ ಒಂದು ಎಡವಟ್ಟಿದೆ. ವೆಬ್‌ಗೆ ಹೋಗುವ ಚಿತ್ರವನ್ನಷ್ಟೇ ಬದಲಿಸಲು ಹೋದರೆ ಮನೆಮನೆಯ ಟಿವಿಯಲ್ಲಿ ಬರುತ್ತಿರುವ ಚಿತ್ರವೂ ಬದಲಾಗಿಬಿಡುತ್ತದೆ. ಯಾವ ಚಿತ್ರ ಎಲ್ಲಿಗೆ ಹೋಗಬೇಕೆಂದು ತಿರುಗಿಸುವ ವೀಡಿಯೋ ಸ್ವಿಚ್, ಅಂದರೆ ರೌಟರ್ ಕೆಟ್ಟಿರುವುದಿಲ್ಲ, ಕೇಬಲ್ಲೂ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಟೈಲೈನಿನ ಲೆಕ್ಕ.

ಒಂದು ರೌಟರಿನ ಔಟ್‌ಪುಟ್‌ನಿಂದ ಇನ್ನೊಂದರ ಇನ್‌ಪುಟ್‌ಗೆ ಕಾಯಂ ಆಗಿ ಎಳೆದ ಕೇಬಲ್ಲೇ ಟೈಲೈನ್. ಮಹಡಿಯ ಸ್ಟುಡಿಯೋದಲ್ಲಿ 40×40 (40 ಇನ್‌ಪುಟ್, 40 ಔಟ್‌ಪುಟ್) ರೌಟರ್, ವಾಹಿನಿಯನ್ನು ಮನೆಗಳಿಗೆ ಕಳಿಸುವ ಕೆಳಗಿನ ಹೆಡೆಂಡಿನಲ್ಲಿ 16×16 ರೌಟರ್ ಇದೆ ಎಂದುಕೊಳ್ಳಿ. ಸ್ಟುಡಿಯೋದ 37ರಿಂದ 40ರವರೆಗಿನ ಔಟ್‌ಪುಟ್‌ಗಳು ಹೆಡೆಂಡಿನ 13ರಿಂದ 16ರವರೆಗಿನ ಇನ್‌ಪುಟ್‌ಗಳಿಗೆ ಸೇರಿವೆ. ಈ ನಾಲ್ಕು ಟೈಲೈನಿಗಾಗಿ ಮೇಲೆ ನಾಲ್ಕು ಔಟ್‌ಪುಟ್, ಕೆಳಗೆ ನಾಲ್ಕು ಇನ್‌ಪುಟ್ ಬೇರೆ ಕೆಲಸಕ್ಕೆ ಸಿಗದಂತಾದವು.

ತಂತಿಯನ್ನು ಕೈಯಿಂದಲೇ ಚುಚ್ಚಿ ಜೋಡಿಸುವ ಪ್ಯಾಚ್ ಪ್ಯಾನಲ್ ಕಾಲದಲ್ಲಿ ಈ ತೊಡಕು ಇರಲಿಲ್ಲ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಕಣ್ಣೆದುರೇ ಕಾಣುತ್ತಿತ್ತು. ರೌಟರ್ ಬಂದ ಮೇಲೆ ಬೆರಳ ತುದಿಯಲ್ಲಿ ಸ್ವಿಚಿಂಗ್ ಆಯಿತು, ಆದರೆ ಗಾತ್ರಕ್ಕೆ ಮಿತಿಯೂ ಬಂತು. 16×16ಕ್ಕೆ 256 ಕ್ರಾಸ್‌ಪಾಯಿಂಟ್ (ಒಂದು ಇನ್‌ಪುಟ್ ಒಂದು ಔಟ್‌ಪುಟ್‌ಗೆ ಸೇರುವ ಬಿಂದು) ಸಾಕು, 32×32ಕ್ಕೆ 1024, 64×64ಕ್ಕೆ 4096 ಬೇಕು. ಗಾತ್ರ ಎರಡರಷ್ಟಾದರೆ ಒಳಗಿನ ಜೋಡಣೆ ನಾಲ್ಕರಷ್ಟಾಗುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನವರಿಗೆ ಇದೇ ಕಷ್ಟ ಮೊದಲೇ ಎದುರಾಗಿತ್ತು. ಸಣ್ಣ ಸ್ವಿಚ್‌ಗಳನ್ನು ಮೂರು ಹಂತದಲ್ಲಿ ಜೋಡಿಸಿದರೆ, ಯಾವ ಕರೆಯೂ ತಡೆಯದಂತೆ ಇರಲು ನಡುವೆ ಎಷ್ಟು ದಾರಿ ಬೇಕು ಎಂಬುದನ್ನು ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋಸ್ 1953ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ನಮ್ಮ ಉದಾಹರಣೆಯಲ್ಲಿ ಲೆಕ್ಕ ಇನ್ನೂ ಸುಲಭ. ಹೆಡೆಂಡಿನಲ್ಲಿ ಬಳಕೆಯಲ್ಲಿರುವ ಔಟ್‌ಪುಟ್ 12 ಇದ್ದು, ಹನ್ನೆರಡಕ್ಕೂ ಸ್ಟುಡಿಯೋದಿಂದ ಬೇರೆ ಬೇರೆ ಚಿತ್ರ ಬೇಕೆಂದರೆ ಟೈಲೈನೂ 12 ಬೇಕು. ಅಷ್ಟನ್ನು ಯಾರೂ ಎಳೆಯುವುದಿಲ್ಲ. ನಾಲ್ಕರಲ್ಲೇ ಸುಧಾರಿಸಬೇಕು, ಆದ್ದರಿಂದ ಹಂಚಿಕೊಳ್ಳಬೇಕು.

ಎರಡು ರೌಟರ್ ಒಟ್ಟಿಗೆ ಉಳಿಯುವುದಕ್ಕೆ ಇನ್ನೊಂದು ಕಾರಣ ಸಿಗ್ನಲ್ಲೇ ಬದಲಾದದ್ದು. ಹಳೆಯ ಎಸ್‌ಡಿ ಸಿಗ್ನಲ್ ಸೆಕೆಂಡಿಗೆ 270 ಮೆಗಾಬಿಟ್, ಹೆಚ್ಚು ಸ್ಪಷ್ಟ ಚಿತ್ರದ ಎಚ್‌ಡಿ 1.485 ಗಿಗಾಬಿಟ್, 3ಜಿ (ಮೊಬೈಲಿನದಲ್ಲ, ವೀಡಿಯೋ ಸಿಗ್ನಲ್ಲಿನ ಹೆಸರು) ಅದರ ಎರಡರಷ್ಟು. ದಾವಣಗೆರೆಯಂಥ ನಗರಗಳ ಕೇಬಲ್ ಟಿವಿ ಡಿಜಿಟಲ್ ಆಗಲು ಸರ್ಕಾರ 2015ರ ಡಿಸೆಂಬರ್ 31ರ ಗಡುವು ಕೊಟ್ಟಿತ್ತು. ಹೆಡೆಂಡಿನ ಎನ್‌ಕೋಡರ್‌ಗಳು (ಚಿತ್ರವನ್ನು ಕುಗ್ಗಿಸಿ ಪ್ರಸಾರಕ್ಕೆ ಸಿದ್ಧಗೊಳಿಸುವ ಯಂತ್ರಗಳು) ಬದಲಾದರೂ ಚೆನ್ನಾಗಿ ನಡೆಯುತ್ತಿರುವ ಹಳೆಯ ಎಸ್‌ಡಿ ರೌಟರನ್ನು ತೆಗೆದು ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಆಗ ಟೈಲೈನಿನ ನಡುವೆ ಎಚ್‌ಡಿಯನ್ನು ಎಸ್‌ಡಿಗೆ ಇಳಿಸುವ ಡೌನ್‌ಕನ್ವರ್ಟರ್ ಕೂರುತ್ತದೆ. ಅದು ಒಂದು ಫ್ರೇಮ್ ತಡ ಮಾಡಿದರೂ 40 ಮಿಲಿಸೆಕೆಂಡ್ ಹೋಯಿತು. ಆಡಿಯೋ ಬೇರೆ ದಾರಿಯಲ್ಲಿ ಬರುತ್ತಿದ್ದರೆ ತುಟಿಗಿಂತ ಮಾತು ಮುಂದೆ ಓಡುತ್ತದೆ. ಹಾಗಾಗಿ ಎರಡೂ ರೌಟರ್‌ಗಳನ್ನು ನಡೆಸುವ ಕಂಟ್ರೋಲ್ ಸಾಫ್ಟ್‌ವೇರಿನಲ್ಲಿ ಪ್ರತಿ ಟೈಲೈನಿಗೂ ಅದು ಯಾವ ಫಾರ್ಮ್ಯಾಟ್ ಹೊರುತ್ತದೆ ಎಂದು ನಮೂದಿಸಲೇಬೇಕು.

ಈಗ ಎಡವಟ್ಟಿನ ಮೂಲಕ್ಕೆ ಬರೋಣ. 38ನೇ ಔಟ್‌ಪುಟ್‌ನ ಟೈಲೈನಿನಲ್ಲಿ ಕ್ಯಾಮೆರಾ 2 ಇಳಿಯುತ್ತಿದೆ. ಹೆಡೆಂಡಿನಲ್ಲಿ ಅದೇ ಚಿತ್ರ ಔಟ್‌ಪುಟ್ 3ರಿಂದ ಕೇಬಲ್ ಟಿವಿಗೂ 7ರಿಂದ ವೆಬ್ ಎನ್‌ಕೋಡರಿಗೂ ಹೋಗಿದೆ. ವೆಬ್‌ಗೆ ಜಾಹೀರಾತು ಹಾಕಬೇಕೆಂದು ಮಹಡಿಯ ಬಟನ್ ಪ್ಯಾನಲ್ಲಿನಲ್ಲಿ ಯಾರೋ 38ನ್ನೇ ಬದಲಿಸಿದರೆ ಎರಡೂ ಬದಲಾಗುತ್ತವೆ. ಸರಿಯಾದ ಸಾಫ್ಟ್‌ವೇರ್ ಹೀಗೆ ಮಾಡುವುದಿಲ್ಲ. ಕೇಳಿದ ಸೋರ್ಸ್ (ಚಿತ್ರದ ಮೂಲ) ಈಗಾಗಲೇ ಯಾವುದಾದರೂ ಟೈಲೈನಿನಲ್ಲಿ ಇದೆಯೇ ಎಂದು ಮೊದಲು ನೋಡುತ್ತದೆ. ಇದ್ದರೆ ಅದನ್ನೇ ಬಳಸುತ್ತದೆ. ಇಲ್ಲದಿದ್ದರೆ ಖಾಲಿ ಇರುವ 39ನ್ನು ಹಿಡಿದು, ಮೊದಲು ಮೇಲಿನ ರೌಟರಿನಲ್ಲಿ ಜಾಹೀರಾತನ್ನು 39ಕ್ಕೆ ಕೊಟ್ಟು, ಆಮೇಲೆ ಕೆಳಗೆ ಔಟ್‌ಪುಟ್ 7ನ್ನು ಇನ್‌ಪುಟ್ 15ಕ್ಕೆ ತಿರುಗಿಸುತ್ತದೆ. ಈ ಕ್ರಮ ಉಲ್ಟಾ ಆದರೆ 39ರಲ್ಲಿ ಹಿಂದೆ ಉಳಿದಿದ್ದ ಚಿತ್ರ ಒಂದು ಕ್ಷಣ ಮಿಂಚಿ ಹೋಗುತ್ತದೆ. 38ನ್ನು ಬಳಸುವವರ ಎಣಿಕೆ ಎರಡರಿಂದ ಒಂದಕ್ಕೆ ಇಳಿಯುತ್ತದೆ. ಎಣಿಕೆ ಸೊನ್ನೆಯಾಗುವ ತನಕ ಟೈಲೈನನ್ನು ಬಿಡುಗಡೆ ಮಾಡಬಾರದು. ಟೈಲೈನ್ ನಿರ್ವಹಣೆಯ ಜೀವಾಳ ಈ ಎಣಿಕೆಯೇ.

ಎಣಿಕೆಯನ್ನು ಸಾಫ್ಟ್‌ವೇರ್ ತನ್ನ ನೆನಪಿನಿಂದ ಇಟ್ಟುಕೊಂಡರೆ ಸಾಲದು, ರೌಟರಿನ ನಿಜಸ್ಥಿತಿಯಿಂದ ಕಟ್ಟಿಕೊಳ್ಳಬೇಕು. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ವೀಡಿಯೋಹಬ್ ರೌಟರ್ ಆದರೆ ನೆಟ್‌ವರ್ಕಿನ ಟಿಸಿಪಿ ಪೋರ್ಟ್ 9990ರಲ್ಲಿ ಸಂಪರ್ಕವಾದ ಕೂಡಲೇ ಪೂರ್ತಿ ರೌಟಿಂಗ್ ಪಟ್ಟಿ ಕೊಡುತ್ತದೆ, ನಂತರ ಯಾರು ಬದಲಿಸಿದರೂ ತಿಳಿಸುತ್ತದೆ. ಇಲ್ಲೊಂದು ಎಚ್ಚರ: ಪ್ಯಾನಲ್ಲಿನಲ್ಲಿ ಸಂಖ್ಯೆ 1ರಿಂದ ಶುರು, ಸಾಫ್ಟ್‌ವೇರ್ ರೌಟರಿನ ಜೊತೆ ಮಾತಾಡುವ ಪ್ರೋಟೋಕಾಲಿನಲ್ಲಿ 0ಯಿಂದ. ಔಟ್‌ಪುಟ್ 38 ಅಲ್ಲಿ 37 ಆಗಿರುತ್ತದೆ. ಇದನ್ನು ಮರೆತರೆ ನಾಲ್ಕೂ ಟೈಲೈನ್ ಒಂದೊಂದು ಸ್ಥಾನ ಸರಿದು ಕೂರುತ್ತವೆ.

ಸ್ಥಳೀಯ ಪ್ಯಾನಲ್‌ಗಳ ಪಟ್ಟಿಯಿಂದ ಟೈಲೈನ್ ಔಟ್‌ಪುಟ್‌ಗಳನ್ನು ತೆಗೆದುಬಿಡುವುದು, ಕಂಟ್ರೋಲ್ ಸಾಫ್ಟ್‌ವೇರಿನಿಂದ ಅವನ್ನು ಲಾಕ್ ಮಾಡುವುದು ಮೊದಲ ದಿನದ ಕೆಲಸ. ಎರಡನೆಯದು ಪರೀಕ್ಷೆ. ಪ್ರತಿ ಟೈಲೈನಿಗೂ ಬೇರೆ ಬೇರೆ ಹೆಸರು ಬರೆದ ಕಲರ್ ಬಾರ್ (ಬಣ್ಣದ ಪಟ್ಟೆಗಳ ಪರೀಕ್ಷಾ ಚಿತ್ರ) ಕಳಿಸಿ ಕೆಳಗಿನ ಮಾನಿಟರಿನಲ್ಲಿ ಓದಿ. ಅದಲುಬದಲಾದ ಕೇಬಲ್ ಆಗಲೇ ಸಿಕ್ಕಿಬೀಳುತ್ತದೆ. ಕೇಬಲ್ ತುದಿಯ ಬಿಎನ್‌ಸಿ ಕನೆಕ್ಟರ್ 75 ಓಮಿನದೇ ಇರಲಿ. ಒಳ್ಳೆಯ ಕೇಬಲ್ಲಿನಲ್ಲಿ ಎಚ್‌ಡಿ ಸುಮಾರು 100 ಮೀಟರ್ ಓಡುತ್ತದೆ, 3ಜಿ ಅಷ್ಟು ದೂರ ಓಡದು. ಮಿತಿ ಮೀರಿದರೆ ಚಿತ್ರ ಮೆಲ್ಲಗೆ ಮಸುಕಾಗುವುದಿಲ್ಲ, ಚುಕ್ಕೆ ಹಾರಿ ಒಮ್ಮೆಲೇ ಹೋಗಿಬಿಡುತ್ತದೆ.

ಜಾತ್ರೆಯ ದಿನಕ್ಕೆ ಸಾಲ್ವೋ (ಒಂದೇ ಗುಂಡಿಗೆ ಹಲವು ಬದಲಾವಣೆ ಒಟ್ಟಿಗೆ ನಡೆಸುವ ಪಟ್ಟಿ) ಬರೆದಿಡುವವರು ಔಟ್‌ಪುಟ್‌ಗಳನ್ನಲ್ಲ, ಬೇರೆ ಬೇರೆ ಸೋರ್ಸ್‌ಗಳನ್ನು ಎಣಿಸಬೇಕು. ಕೇಬಲ್, ವೆಬ್, ರೆಕಾರ್ಡರ್ ಮೂರಕ್ಕೂ ಪ್ರಸಾರಕ್ಕೆ ಸಿದ್ಧವಾದ ಅಂತಿಮ ಚಿತ್ರ, ಅಂದರೆ ಪ್ರೋಗ್ರಾಂ ಔಟೇ ಸಾಕಾದರೆ ಖರ್ಚಾಗುವುದು ಒಂದೇ ಟೈಲೈನ್. ಐದು ಬೇರೆ ಸೋರ್ಸ್ ಕೇಳಿದರೆ ನಾಲ್ಕು ಹೋಗಿ ಐದನೆಯದು ನಿಲ್ಲುತ್ತದೆ. ಅರ್ಧ ಸಾಲ್ವೋ ನಡೆಸಿ ಸುಮ್ಮನಾಗುವ ಸಾಫ್ಟ್‌ವೇರಿಗಿಂತ, ಟೈಲೈನ್ ಸಾಲದು ಎಂದು ಮೊದಲೇ ಹೇಳಿ ಏನನ್ನೂ ಮುಟ್ಟದೆ ಇರುವುದೇ ಮೇಲು. ಒಂದನ್ನಾದರೂ ತುರ್ತಿಗೆ ಖಾಲಿ ಬಿಡಿ.

2017ರಲ್ಲಿ ಚಿತ್ರವನ್ನು ಐಪಿ ನೆಟ್‌ವರ್ಕಿನಲ್ಲಿ ಕಳಿಸುವ ಎಸ್‌ಎಂಪಿಟಿಇ 2110 ಮಾನದಂಡ ಬಂದ ಮೇಲೆ ಚಿತ್ರ ನೆಟ್‌ವರ್ಕಿನಲ್ಲೇ ಓಡಾಡತೊಡಗಿತು. ಆದರೂ ಎಸ್‌ಡಿಐ ರೌಟರ್ (ಇಲ್ಲಿಯವರೆಗೆ ಹೇಳಿದ ಕೇಬಲ್ ಸಿಗ್ನಲ್ಲಿನ ರೌಟರ್) ಉಳಿಸಿಕೊಂಡವರು ನಡುವೆ ಎರಡು ಬಗೆಯ ಸಿಗ್ನಲ್ಲನ್ನೂ ಪರಸ್ಪರ ಬದಲಿಸುವ ಗೇಟ್‌ವೇ ಇಡಲೇಬೇಕು. ಎಂಟು ಚಾನೆಲ್ಲಿನ ಗೇಟ್‌ವೇ ಇಟ್ಟರೆ ಅದು ಎಂಟು ಟೈಲೈನ್. ಯಾವುದನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಎಂಬ ಎಣಿಕೆ ಅಲ್ಲಿಯೂ ಬೇಕು.