ಮಗನನ್ನು ಎಲ್ ಪಾಸೋಗೆ ಕಳಿಸಬಹುದಾ?

ಓದುಗರ ಪ್ರಶ್ನೆ: ಮಗನಿಗೆ ಅಮೆರಿಕದ ಎಲ್ ಪಾಸೋದಲ್ಲಿ ಎಂ.ಎಸ್. ಮಾಡಲು ಸೀಟು ಸಿಕ್ಕಿದೆ. ಮ್ಯಾಪ್ ತೆಗೆದು ನೋಡಿದರೆ ಕಾಲೇಜಿನ ಪಕ್ಕದಲ್ಲೇ ಮೆಕ್ಸಿಕೋ. ಅಲ್ಲಿ ಡ್ರಗ್ಸ್ ಗ್ಯಾಂಗಿನವರು ಹಾಡಹಗಲೇ ಗುಂಡು ಹಾರಿಸುತ್ತಾರೆ ಅಂತ ಯೂಟ್ಯೂಬ್‌ನಲ್ಲಿ ನೋಡಿದ ಮೇಲೆ ನಿದ್ದೆ ಬರುತ್ತಿಲ್ಲ. ಕಳಿಸಬಹುದಾ?

ಮೊದಲು ಉತ್ತರ ಹೇಳಿಬಿಡುತ್ತೇನೆ: ಕಳಿಸಿ. ನೀವು ನೋಡಿದ ವಿಡಿಯೋ ಸುಳ್ಳೇನಲ್ಲ. ಆದರೆ ಅದು ಗಡಿಯ ಹೊಳೆಯ ಆ ದಡದ್ದು, ನಿಮ್ಮ ಮಗ ಇರುವುದು ಈ ದಡದಲ್ಲಿ. ಸ್ಯಾನ್ ಡಿಯೇಗೋದಲ್ಲಿ ಕೆಲಸ ಸಿಕ್ಕವರ ಮನೆಯವರು ಗಡಿಯಾಚೆಯ ಟಿಹ್ವಾನಾ ಬಗ್ಗೆ ಇದನ್ನೇ ಕೇಳುತ್ತಾರೆ. ಇಷ್ಟು ಹತ್ತಿರದಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಕಡೆಯ ಊರು ಸಿಯುದಾದ್ ಹ್ವಾರೆಸ್. ಸ್ಪೆಲಿಂಗ್ ನೋಡಿ ನಾವು 'ಜುವಾರೆಜ್' ಅಂತೀವಿ, ಅಲ್ಲಿನವರ ಬಾಯಲ್ಲಿ ಹ್ವಾರೆಸ್. 1888ರವರೆಗೆ ಅದರ ಹೆಸರೂ 'ಪಾಸೋ ದೆಲ್ ನೋರ್ತೆ' ಅಂತಲೇ ಇತ್ತು. ಎಲ್ ಪಾಸೋದಲ್ಲಿ ಸುಮಾರು ಏಳು ಲಕ್ಷ ಜನ, ಹ್ವಾರೆಸ್‌ನಲ್ಲಿ ಅದರ ಎರಡು ಪಟ್ಟು. ನಡುವೆ ಇರುವ ನದಿ ರಿಯೋ ಗ್ರಾಂಡೆ, ಅಂದರೆ ದೊಡ್ಡ ಹೊಳೆ. ಹೆಸರಷ್ಟೇ ದೊಡ್ಡದು. ಊರಿನ ನಡುವೆ ಅದು ಕಾಂಕ್ರೀಟ್ ಕಾಲುವೆಯಲ್ಲಿ ಹರಿಯುತ್ತದೆ, ಎಷ್ಟೋ ತಿಂಗಳು ನೀರೇ ಇರುವುದಿಲ್ಲ. ಮಂಡ್ಯದ ಕಡೆಯವರಿಗೆ ಥಟ್ಟನೆ ನಾಲೆ ನೆನಪಾದೀತು. ಈಚೆ ನಿಂತು ನೋಡಿದರೆ ಹ್ವಾರೆಸ್‌ನ ಹಿಂದಿನ ಬೋಳು ಗುಡ್ಡದ ಮೇಲೆ ಸುಣ್ಣದಲ್ಲಿ ಬರೆದ ದೊಡ್ಡ ದೊಡ್ಡ ಅಕ್ಷರಗಳು ಕಾಣುತ್ತವೆ: 'ಬೈಬಲ್ಲೇ ಸತ್ಯ, ಅದನ್ನು ಓದಿ.' ಅಷ್ಟು ಹತ್ತಿರ.

ಈಗ ಲೆಕ್ಕ. 2010ರಲ್ಲಿ ಹ್ವಾರೆಸ್‌ನಲ್ಲಿ ಕೊಲೆಯಾದವರು ಮೂರು ಸಾವಿರಕ್ಕೂ ಜಾಸ್ತಿ. ಅದೇ ವರ್ಷ ಎಲ್ ಪಾಸೋದಲ್ಲಿ ಆದ ಕೊಲೆಗಳು ಐದು. ಐದು ನೂರಲ್ಲ, ಐದು. ಆ ವರ್ಷಗಳಲ್ಲಿ ಐದು ಲಕ್ಷಕ್ಕಿಂತ ಜಾಸ್ತಿ ಜನರಿರುವ ಅಮೆರಿಕದ ಊರುಗಳಲ್ಲಿ ಅತಿ ಸುರಕ್ಷಿತ ಅನ್ನುವ ಪಟ್ಟವೂ ಎಲ್ ಪಾಸೋಗೇ ಸಿಕ್ಕಿತು. ನಾಲೆಯ ಈಚೆ ಆ ಪಟ್ಟ, ಆಚೆ ಜಗತ್ತಿನ ಅತಿ ಹಿಂಸೆಯ ನಗರ ಅನ್ನುವ ಹಣೆಪಟ್ಟಿ.

ಹಾಗಂತ ಗುಂಡು ಒಮ್ಮೆಯೂ ದಾಟಿ ಬಂದಿಲ್ಲ ಅಂತಲ್ಲ. ಅದೇ 2010ರ ಜೂನ್‌ನಲ್ಲಿ ಆಚೆ ಹಾರಿದ ಗುಂಡುಗಳು ಎಲ್ ಪಾಸೋ ಸಿಟಿ ಹಾಲ್‌ಗೆ ಬಡಿದವು. ಆಗಸ್ಟ್‌ನಲ್ಲಿ ಒಂದು ಗುಂಡು ಯುಟೆಪ್‌ನ, ಅಂದರೆ ಎಲ್ ಪಾಸೋದ ಟೆಕ್ಸಸ್ ವಿಶ್ವವಿದ್ಯಾಲಯದ, ಬೆಲ್ ಹಾಲ್ ಕಟ್ಟಡಕ್ಕೆ ತಗುಲಿತು. ಯಾರಿಗೂ ಏನೂ ಆಗಲಿಲ್ಲ. ನಿಮ್ಮ ಮಗ ಹೊರಟಿರುವುದು ಬಹುಶಃ ಇದೇ ಕ್ಯಾಂಪಸ್‌ಗೆ, ಅದಕ್ಕೇ ಮುಚ್ಚಿಡದೆ ಹೇಳಿದೆ. ಆ ವರ್ಷಗಳಲ್ಲಿ ಆಚೆ ನಿಜವಾಗಿ ಯುದ್ಧವೇ ನಡೆದಿತ್ತು. 2006ರ ಕೊನೆಯಲ್ಲಿ ಮೆಕ್ಸಿಕೋ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ ಕಾರ್ಟೆಲ್‌ಗಳ, ಅಂದರೆ ದೊಡ್ಡ ಡ್ರಗ್ಸ್ ಗ್ಯಾಂಗುಗಳ, ಮೇಲೆ ಸೈನ್ಯ ಬಿಟ್ಟರು. 2008ರ ಹೊತ್ತಿಗೆ ಸಿನಲೋವಾ ಕಾರ್ಟೆಲ್ಲಿಗೂ ಹ್ವಾರೆಸ್ ಕಾರ್ಟೆಲ್ಲಿಗೂ ಊರಿನ ಮೇಲಿನ ಹಿಡಿತಕ್ಕೆ ಜಗಳ ಬಿದ್ದಿತ್ತು. ಹೀಗೆ ಹಿಡಿತದಲ್ಲಿರುವ ಊರಿಗೆ ಅಲ್ಲಿನ ಭಾಷೆಯಲ್ಲಿ 'ಪ್ಲಾಸಾ' ಅಂತಾರೆ. ನಮ್ಮ ಬೆಂಗಳೂರು ರೌಡಿಗಳ ಬಾಯಲ್ಲಿ 'ಏರಿಯಾ' ಅಂದ ಹಾಗೆ. ಪ್ಲಾಸಾ ಯಾರದ್ದೋ ಗಡಿ ಸೇತುವೆಗಳ ಮೇಲಿನ ಕಳ್ಳಸಾಗಣೆ ಅವರದ್ದು.

ಹಾಗಾದರೆ ಈಚೆ ಯಾಕೆ ತಣ್ಣಗಿದೆ? ಬೇಲಿ, ಕಾವಲು ಕಾರಣ ಅಂತ ಜಾಸ್ತಿ ಜನ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಧಂದೆಯವರು ಈಚೆಯೂ ಇದ್ದಾರೆ. ಹ್ವಾರೆಸ್‌ನಲ್ಲಿ ಸುಪಾರಿ ಕೊಲೆಗಳನ್ನು ಮಾಡಿದ 'ಬಾರಿಯೋ ಅಸ್ತೇಕಾ' ಗ್ಯಾಂಗ್ ಹುಟ್ಟಿದ್ದೇ ಟೆಕ್ಸಸ್ ಜೈಲಿನಲ್ಲಿ. ಆದರೆ ಈಚೆ ಕೊಲೆಯಾದರೆ ಕೊಂದವನು ಸಿಕ್ಕಿಬೀಳುತ್ತಾನೆ, ಸೇತುವೆಯಲ್ಲಿ ತಪಾಸಣೆ ಬಿಗಿಯಾಗುತ್ತದೆ, ಲಾರಿಗಳು ನಿಲ್ಲುತ್ತವೆ, ಸರಕು ಕೊಳೆಯುತ್ತದೆ. ಫೆಂಟನಿಲ್‌ನಂಥ ಡ್ರಗ್ಸ್ ಮಾಲು ಹೆಚ್ಚಾಗಿ ಬರುವುದು ಮರಳುಗಾಡು ದಾಟಿ ಅಲ್ಲ, ಇದೇ ಅಧಿಕೃತ ಗೇಟುಗಳ ಮೂಲಕ, ಕಾರು ಲಾರಿಗಳಲ್ಲಿ ಅಡಗಿ. ಗೇಟು ಸರಾಗವಾಗಿರುವುದು ಅವರಿಗೇ ಬೇಕು. ಅಂಗಡಿ ಮುಂದೆ ಯಾರಾದರೂ ಗಲಾಟೆ ಮಾಡಿಕೊಳ್ಳುತ್ತಾರಾ? ಆಚೆ ಕೊಂದವನನ್ನು ಹಿಡಿಯುವವರು ಕಮ್ಮಿ, ಹಿಡಿದರೂ ಶಿಕ್ಷೆ ಅಪರೂಪ. ಬಂದೂಕು ಹೋಗುವುದು ಮಾತ್ರ ಈಚೆಯಿಂದಲೇ. ಸಾಮಾನ್ಯರು ಕಾನೂನು ಪ್ರಕಾರ ಬಂದೂಕು ಕೊಳ್ಳಬಹುದಾದ ಅಂಗಡಿ ಇಡೀ ಮೆಕ್ಸಿಕೋಗೆ ಎರಡೇ, ಅವನ್ನೂ ಸೈನ್ಯ ನಡೆಸುತ್ತದೆ. ಟೆಕ್ಸಸ್‌ನಲ್ಲಿ ಬಂದೂಕಿನಂಗಡಿ ಹುಡುಕಿಕೊಂಡು ಹೋಗಬೇಕಿಲ್ಲ.

ಇನ್ನೊಂದು ವಿಷಯ. ಎಲ್ ಪಾಸೋ ಕಂಡ ಅತಿ ದೊಡ್ಡ ಹತ್ಯಾಕಾಂಡ ಹೊಳೆ ದಾಟಿ ಬಂದದ್ದಲ್ಲ. 2019ರ ಆಗಸ್ಟ್ 3ರಂದು, ಶನಿವಾರ, ಡಲ್ಲಾಸ್ ಹತ್ತಿರದಿಂದ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬಂದ ಒಬ್ಬ ಬಿಳಿಯ ಯುವಕ ವಾಲ್‌ಮಾರ್ಟ್‌ನಲ್ಲಿ 23 ಜನರ ಸಾವಿಗೆ ಕಾರಣನಾದ. ಅವನ ಸಿಟ್ಟು ಮೆಕ್ಸಿಕೋ ಮೂಲದವರ ಮೇಲೆ. ಸತ್ತವರಲ್ಲಿ ಶಾಪಿಂಗ್‌ಗೆಂದು ಆಚೆಯಿಂದ ಬಂದವರೂ ಇದ್ದರು. ಅಂದರೆ 'ಯಾವ ಕಡೆಯಿಂದ ಅಪಾಯ' ಅಂತ ನೀವು ಕೇಳಿದ ಹಾಗೇ ಆ ಊರಿನವರೂ ಕೇಳಿಕೊಳ್ಳುತ್ತಾರೆ, ಅವರ ಉತ್ತರ ಮಾತ್ರ ಬೇರೆ.

ಆಚೆ ದಡದ ಬದುಕಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ವಿಡಿಯೋಗಳಲ್ಲಿ ಹ್ವಾರೆಸ್ ಅಂದರೆ ಬರೀ ಹೆಣ. ಅಲ್ಲಿ ಹದಿನೈದು ಲಕ್ಷ ಜನ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ. ಬಹಳಷ್ಟು ಜನ 'ಮಕಿಲಾ'ಗಳಿಗೆ, ಅಂದರೆ ಅಮೆರಿಕಕ್ಕೆ ರಫ್ತು ಮಾಡುವ ಜೋಡಣಾ ಕಾರ್ಖಾನೆಗಳಿಗೆ. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸುಗಳು ಹೊರಡುತ್ತವೆ. 1990ರ ದಶಕದಲ್ಲಿ ಅಂಥ ದಾರಿಗಳಲ್ಲೇ ಹುಡುಗಿಯರು ಕಾಣೆಯಾಗತೊಡಗಿದರು, ಹೆಣಗಳು ಮರುಭೂಮಿಯಲ್ಲಿ ಸಿಕ್ಕವು. ಅವರ ನೆನಪಿಗೆ ಇವತ್ತಿಗೂ ಲೈಟು ಕಂಬಗಳ ಮೇಲೆ ಗುಲಾಬಿ ಬಣ್ಣದ ಹಿನ್ನೆಲೆಯಲ್ಲಿ ಶಿಲುಬೆಗಳನ್ನು ಬರೆದಿರುತ್ತಾರೆ. ಅಂಗಡಿಯವರ ಕಷ್ಟ ಬೇರೆ. ವಾರ ವಾರ 'ಪಿಸೋ' ಕೊಡಬೇಕು. ನಮ್ಮಲ್ಲಿ ರೋಲ್‌ಕಾಲ್ ಅಂತೀವಲ್ಲ, ಅದೇ. ಕೊಡದಿದ್ದರೆ ಅಂಗಡಿಗೆ ಬೆಂಕಿ. 2010ರ ಆಸುಪಾಸಿನಲ್ಲಿ ಎಷ್ಟೋ ಹೋಟೆಲಿನವರು ಬಾಗಿಲು ಹಾಕಿ ಎಲ್ ಪಾಸೋದಲ್ಲಿ ಹೊಸದಾಗಿ ತೆರೆದರು.

2010ರ ಜನವರಿ 30ರ ರಾತ್ರಿ ವಿಯಾಸ್ ದೆ ಸಾಲ್ವಾರ್‌ಕಾರ್ ಅನ್ನುವ ಬಡಾವಣೆಯಲ್ಲಿ ಹುಟ್ಟುಹಬ್ಬದ ಪಾರ್ಟಿಗೆ ಸೇರಿದ್ದ ಹುಡುಗರ ಮೇಲೆ ಗುಂಡು ಹಾರಿತು. ಸತ್ತವರು 15 ಜನ, ಹೆಚ್ಚಿನವರು ವಿದ್ಯಾರ್ಥಿಗಳು. ಇದು ಗ್ಯಾಂಗುಗಳ ನಡುವಿನ ಜಗಳ ಅಂದುಬಿಟ್ಟರು ಅಧ್ಯಕ್ಷ ಕಾಲ್ಡೆರಾನ್. ಆಮೇಲೆ ಅವರೇ ಹ್ವಾರೆಸ್‌ಗೆ ಬಂದಾಗ, ಇದ್ದ ಇಬ್ಬರೂ ಗಂಡುಮಕ್ಕಳನ್ನು ಆ ರಾತ್ರಿ ಕಳೆದುಕೊಂಡಿದ್ದ ಒಬ್ಬ ತಾಯಿ, ಕಾರ್ಖಾನೆ ಕೆಲಸದಾಕೆ, ಸಭೆಯಲ್ಲಿ ನೇರ ಅವರ ಮುಂದೆ ಹೋಗಿ ನಿಂತರು. ಕ್ಷಮಿಸಿ, ನಿಮಗೆ ಸ್ವಾಗತ ಅಂತ ನಾನು ಹೇಳಲಾರೆ ಅಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಊರಿನ ಪತ್ರಿಕೆ 'ಎಲ್ ದಿಯಾರಿಯೋ' ತನ್ನ ಯುವ ಫೋಟೋಗ್ರಾಫರನ ಕೊಲೆಯಾದ ಮೇಲೆ ಸಂಪಾದಕೀಯ ಬರೆದದ್ದು ಸರ್ಕಾರಕ್ಕಲ್ಲ, ಕಾರ್ಟೆಲ್‌ಗಳಿಗೆ. ನಮ್ಮಿಂದ ನಿಮಗೇನು ಬೇಕು, ಏನು ಬರೆಯಬೇಕು, ಏನು ಬರೆಯಬಾರದು ಹೇಳಿಬಿಡಿ ಅಂತ. ಊರನ್ನು ಆಳುತ್ತಿರುವವರು ನೀವೇ ಅಂತ ಪತ್ರಿಕೆಯೊಂದು ಬರೆದು ಒಪ್ಪಿಕೊಳ್ಳುವ ಸ್ಥಿತಿ.

ಆಮೇಲೆ ಕೊಲೆಗಳು ಇಳಿದವು, 2018ರಿಂದ ಮತ್ತೆ ವರ್ಷಕ್ಕೆ ಸಾವಿರ ದಾಟಿದವು. 2022ರ ಆಗಸ್ಟ್ 11ರಂದು ಜೈಲಿನೊಳಗೆ ಶುರುವಾದ ಜಗಳ ಬೀದಿಗೆ ಬಂದು, ಏನೂ ಸಂಬಂಧವಿಲ್ಲದವರೂ ಸತ್ತರು. ಅವರಲ್ಲಿ ರೇಡಿಯೋ ಸ್ಟೇಷನ್ನಿನ ನಾಲ್ವರು ಸಿಬ್ಬಂದಿ ಇದ್ದರು. ಹಾಗಾಗಿ 'ಗ್ಯಾಂಗಿನವರು ಗ್ಯಾಂಗಿನವರನ್ನೇ ಕೊಲ್ಲುತ್ತಾರೆ, ನಮಗೇನು' ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಮುಕ್ಕಾಲು ಪಾಲು ನಿಜ, ಕಾಲು ಪಾಲು ಅಲ್ಲ.

ಗಡಿಯ ಊರುಗಳೆಲ್ಲ ಒಂದೇ ಥರ ಅಲ್ಲ ಅನ್ನೋದೂ ಗೊತ್ತಿರಲಿ. ಪೂರ್ವದ ತಮೌಲಿಪಾಸ್ ರಾಜ್ಯದ ನ್ಯೂವೋ ಲರೇಡೋ, ರೆಯ್ನೋಸಾ, ಮಾತಾಮೋರೋಸ್‌ಗಳಲ್ಲಿ ಗ್ಯಾಂಗಿನವರು ಹಗಲಲ್ಲೂ ಹೆದ್ದಾರಿ ಅಡ್ಡಗಟ್ಟುತ್ತಾರೆ. ರೆಯ್ನೋಸಾ ಜನ ಮನೆಯಿಂದ ಹೊರಡುವ ಮೊದಲು ಟ್ವಿಟರ್‌ನಲ್ಲಿ 'ರೆಯ್ನೋಸಾಫಾಲೋ' ಹ್ಯಾಶ್‌ಟ್ಯಾಗ್ ನೋಡುತ್ತಿದ್ದರು, ನಾವು ಟ್ರಾಫಿಕ್ ನೋಡಿದ ಹಾಗೆ. ಹಾಗೆ ಎಚ್ಚರಿಕೆ ಹಂಚುತ್ತಿದ್ದ ಒಬ್ಬ ಡಾಕ್ಟರಮ್ಮನನ್ನು 2014ರಲ್ಲಿ ಹೊತ್ತೊಯ್ದು ಕೊಂದು, ಆಕೆಯ ಖಾತೆಯಿಂದಲೇ ಫೋಟೋ ಹಾಕಿದರು. 2023ರ ಮಾರ್ಚ್‌ನಲ್ಲಿ ಕಡಿಮೆ ಖರ್ಚಿನ ಆಪರೇಷನ್‌ಗೆಂದು ಮಾತಾಮೋರೋಸ್‌ಗೆ ಹೋದ ನಾಲ್ವರು ಅಮೆರಿಕನ್ನರನ್ನು ಅಪಹರಿಸಲಾಯಿತು, ಇಬ್ಬರು ಸತ್ತರು, ದಾರಿಹೋಕ ಮೆಕ್ಸಿಕನ್ ಹೆಂಗಸೊಬ್ಬಳೂ ಸತ್ತಳು. ತಮೌಲಿಪಾಸ್‌ಗೆ ಹೋಗಲೇಬೇಡಿ ಅಂತ ಅಮೆರಿಕ ಸರ್ಕಾರವೇ ವರ್ಷಗಳಿಂದ ಹೇಳುತ್ತಿದೆ. ಮಗನಿಗೂ ಅಷ್ಟೇ ಹೇಳಿ.

ಹ್ವಾರೆಸ್ ಮಾತ್ರ ಕಾಲ್ನಡಿಗೆಯ ದೂರ. ಗೆಳೆಯರು ಕರೆದೇ ಕರೆಯುತ್ತಾರೆ. ಯುಟೆಪ್‌ನ ಎಷ್ಟೋ ವಿದ್ಯಾರ್ಥಿಗಳು ಅಲ್ಲಿಂದಲೇ ದಿನಾ ಸೇತುವೆ ದಾಟಿ ಕ್ಲಾಸಿಗೆ ಬರುತ್ತಾರೆ. ಹೋಗಲೇಬೇಡ ಅಂತ ನೀವು ಹೇಳಿದರೆ ಹೇಳದೆ ಹೋಗುತ್ತಾನೆ, ಅಲ್ವಾ? ಅದರ ಬದಲು ಊರು ಬಲ್ಲ ಗೆಳೆಯರ ಜತೆ ಹಗಲಲ್ಲಿ ಹೋಗಿ ಊಟ ಮಾಡಿ ಕತ್ತಲಾಗುವ ಮೊದಲು ಬಾ ಅನ್ನಿ. ಪಾಸ್‌ಪೋರ್ಟ್, ಅವಧಿ ಇರುವ ಅಮೆರಿಕ ವೀಸಾ, ಕಾಲೇಜು ಕೊಡುವ, ಪ್ರಯಾಣಕ್ಕೆ ಸಹಿ ಹಾಕಿರುವ ಐ-20 ಅನ್ನುವ ವಿದ್ಯಾರ್ಥಿ ಪತ್ರ, ಮೂರೂ ಕೈಯಲ್ಲಿರಬೇಕು. ಇವಿಲ್ಲದೆ ಸಿಕ್ಕಿಕೊಂಡ ವಿದ್ಯಾರ್ಥಿಗೆ ಕಾರ್ಟೆಲ್‌ಗಿಂತ ದೊಡ್ಡ ತಲೆನೋವು ಇಮಿಗ್ರೇಷನ್. ಎಲ್ ಪಾಸೋದಿಂದ ಟೆಕ್ಸಸ್‌ನ ಒಳಕ್ಕೆ ಹೊರಟರೂ ಸಿಯೆರ್ರಾ ಬ್ಲಾಂಕಾದಲ್ಲಿ ಹೆದ್ದಾರಿ ಮೇಲೆ ಚೆಕ್‌ಪೋಸ್ಟ್ ಇದೆ, ಅಲ್ಲೂ ಕಾಗದ ಕೇಳುತ್ತಾರೆ.

ಬೇರೆಯವರ ಕಾರು ತೆಗೆದುಕೊಂಡು ಗಡಿ ದಾಟುವುದು ಬೇಡವೇ ಬೇಡ. 2011ರಲ್ಲಿ ಹ್ವಾರೆಸ್‌ನಿಂದ ದಿನಾ ಎಲ್ ಪಾಸೋಗೆ ಪಾಠ ಮಾಡಲು ಬರುತ್ತಿದ್ದ ಟೀಚರೊಬ್ಬರ ಸ್ವಂತ ಕಾರಿನ ಡಿಕ್ಕಿಯಲ್ಲೇ ಬ್ಯಾಗುಗಟ್ಟಲೆ ಗಾಂಜಾ ಸಿಕ್ಕಿ ಆಕೆ ವಾರಗಟ್ಟಲೆ ಜೈಲಲ್ಲಿದ್ದರು. ಆಕೆಗೆ ಅದು ಗೊತ್ತೇ ಇರಲಿಲ್ಲ. ದಿನಾ ದಾಟುವವರ ಕಾರು ನೋಡಿಟ್ಟುಕೊಂಡು, ನಕಲಿ ಕೀ ಮಾಡಿಸಿ, ರಾತ್ರಿ ಮಾಲು ಇಟ್ಟು, ಈಚೆ ಕಾರು ನಿಂತ ಮೇಲೆ ತೆಗೆದುಕೊಳ್ಳುವ ಜಾಲ ಅದು. ಯುಟೆಪ್ ವಿದ್ಯಾರ್ಥಿಯೂ ಇದರಲ್ಲಿ ಸಿಕ್ಕಿಬಿದ್ದಿದ್ದ.

ಕೊನೆಗೆ ನಿಮಗೇ ಸಂಬಂಧಪಟ್ಟದ್ದೊಂದು. 'ನಿಮ್ಮ ಮಗ ನಮ್ಮ ಕೈಲಿದ್ದಾನೆ, ಫೋನ್ ಇಡಬೇಡಿ, ದುಡ್ಡು ಹಾಕಿ' ಅನ್ನುವ ಮೋಸದ ಕರೆ ಮೆಕ್ಸಿಕೋದಲ್ಲಿ ಹಳೇ ದಂಧೆ, ಗಡಿಯ ಈಚೆಯವರಿಗೂ ಬಂದಿದೆ. ಮಗ ಕ್ಲಾಸಿನಲ್ಲಿ ಫೋನ್ ಸೈಲೆಂಟ್ ಇಟ್ಟು ಕೂತಿರುತ್ತಾನೆ, ಇಲ್ಲಿ ತಾಯಿ ಅಳುತ್ತಾ ಬ್ಯಾಂಕಿಗೆ ಓಡುತ್ತಾಳೆ. ಹೊರಡುವ ಮೊದಲು ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಮಾತಾಡಿಕೊಂಡಿರಿ. ನಾಯಿಮರಿ ಹೆಸರು ಬೇಡ, ಅದನ್ನು ಅವನು ಆಗಲೇ ಇನ್‌ಸ್ಟಾಗ್ರಾಂಗೆ ಹಾಕಿರುತ್ತಾನೆ.